ಸೊಪ್ಪು ಹಾಕಿ, ಮಣ್ಣಲ್ಲಿ ಹೂತು: ವಾನ್‌ ಚೀಸ್ ಮಾಡುವ ಬಗೆ

ಪೂರ್ವ ಟರ್ಕಿಯ ವಾನ್ ಸರೋವರ ಇರುವುದು ಸುಮಾರು 1,640 ಮೀಟರ್ ಎತ್ತರದಲ್ಲಿ. ಚಳಿಗಾಲವೆಲ್ಲ ಹಿಮ. ಆ ದಿನಗಳಿಗೆಂದೇ ಅಲ್ಲಿನ ಹಳ್ಳಿಗಳಲ್ಲಿ ‘ಓತ್ಲು ಪೇನಿರ್’ ಎಂಬ ಸೊಪ್ಪಿನ ಚೀಸ್ ಮಾಡಿಡುತ್ತಾರೆ. ಚೀಸ್ ಅಂದರೆ ಮೊದಲು ಹಾಲು ಬೇಕು ಅಲ್ವಾ? ಇಲ್ಲಿ ಮೊದಲು ಸೊಪ್ಪು.

ವಸಂತದಲ್ಲಿ ಹಿಮ ಕರಗುತ್ತಿದ್ದಂತೆ ಗುಡ್ಡಗಳಲ್ಲಿ ಸೊಪ್ಪು ಚಿಗುರುತ್ತದೆ. ಮುಖ್ಯವಾದದ್ದು ಸಿರ್ಮೊ. ಇದು ಕಾಡುಬೆಳ್ಳುಳ್ಳಿ, ಘಾಟು ಜೋರು. ಮೆಂದೊ ಎಂಬ ಕಾಡುಸೊಪ್ಪು, ಕಾಡು ಥೈಮ್, ಪುದೀನವೂ ಬೀಳುತ್ತವೆ. ಹೆಲಿಜ್ ಎಂಬುದಂತೂ ನಮ್ಮ ಸಾರಿಗೆ ಬೀಳುವ ಇಂಗಿನ ಗಿಡಕ್ಕೆ ಹತ್ತಿರದ ನೆಂಟ! ಸೊಪ್ಪು ಎಳೆಯದಾಗಿರುವಾಗಲೇ ಕಿತ್ತು, ತೊಳೆದು, ಸಣ್ಣಗೆ ಹೆಚ್ಚಿ ಉಪ್ಪುನೀರಿನಲ್ಲಿ ನೆನೆಹಾಕುತ್ತಾರೆ. ಘಾಟು ತಗ್ಗಿ ಸೊಪ್ಪು ಮೆತ್ತಗಾಗಬೇಕು. ಈ ಕೆಲಸದಲ್ಲಿ ಅವಸರ ನಡೆಯಲ್ಲ.

ಇನ್ನು ಹಾಲು. ಹಳೆಯ ಪದ್ಧತಿಯಲ್ಲಿ ಕುರಿ ಹಾಲೇ. ಕರೆದ ಹಾಲನ್ನು ಸೋಸಿ, ಬಿಸಿ ಆರುವ ಮುಂಚೆ ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಬೆರೆಸುತ್ತಾರೆ. ಸಾಂಪ್ರದಾಯಿಕ ರೆನೆಟ್ ಬರುವುದು ಎಳೆಗರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ. ಸಸ್ಯಾಹಾರಿಗಳು ಇದನ್ನು ಗಮನಿಸಿ. ಒಂದೆರಡು ಗಂಟೆಯಲ್ಲಿ ಹಾಲು ಗಟ್ಟಿಯಾಗುತ್ತದೆ.

ಗಟ್ಟಿಯಾದದ್ದನ್ನು ಒಡೆದು, ಬಟ್ಟೆಯ ಮೇಲೆ ಒಂದು ಪದರ ಹರಡಿ, ಮೇಲೆ ಸೊಪ್ಪು ಉದುರಿಸಿ, ಮತ್ತೆ ಒಂದು ಪದರ. ಹೀಗೇ ಸಾಗಿ ಬಟ್ಟೆ ಕಟ್ಟಿ, ಮೇಲೆ ಕಲ್ಲು ಹೇರುತ್ತಾರೆ. ನೀರೆಲ್ಲ ಇಳಿದ ಮೇಲೆ ಕತ್ತರಿಸಿ ನೋಡಿ: ಬಿಳಿ ಗಟ್ಟಿಯ ನಡುವೆ ಹಸಿರು ಗೆರೆ ಗೆರೆ. ಸೊಪ್ಪು ಜಾಸ್ತಿಯಾದರೆ ಗಟ್ಟಿ ಅಂಟಿಕೊಳ್ಳದೆ ಉದುರಿಹೋಗುತ್ತದೆ, ಹಾಗಾಗಿ ಕೈ ಬಿಗಿ ಇರಲಿ.

ತುಂಡುಗಳಿಗೆ ಚೆನ್ನಾಗಿ ಉಪ್ಪು ಸವರಿ ಮಣ್ಣಿನ ಗಡಿಗೆಗೆ ಒತ್ತೊತ್ತಾಗಿ ತುಂಬುತ್ತಾರೆ. ನಡುವೆ ಗಾಳಿ ಉಳಿದರೆ ಬೂಷ್ಟು ಬರುತ್ತದೆ. ಬಾಯಿ ಮುಚ್ಚಿ, ಗಡಿಗೆಯನ್ನು ಬೋರಲಾಗಿ ನೆಲದಲ್ಲಿ ಹೂಳುತ್ತಾರೆ. ಯಾಕೆ ಬೋರಲು? ಉಳಿದ ನೀರು ಬಾಯಿಯ ಕಡೆಯಿಂದ ಇಳಿದು ಮಣ್ಣಿಗೆ ಸೇರಲಿ ಅಂತ.

ಕನಿಷ್ಠ ಮೂರು ತಿಂಗಳು ಮುಟ್ಟಬೇಡಿ. ಇದು ರುಚಿಯೊಂದರ ಮಾತಲ್ಲ. ಕಾಯಿಸದ ಹಾಲಿನ ಹಸಿ ಚೀಸ್‌ನಿಂದ ಬ್ರುಸೆಲ್ಲೋಸಿಸ್ ಜ್ವರ ಬರಬಹುದು. ಮನೆಯಲ್ಲಿ ಪ್ರಯತ್ನಿಸುವವರು ಪಾಶ್ಚರೀಕರಿಸಿದ ಹಾಲನ್ನೇ ಬಳಸಿ.

ಹೊರತೆಗೆದಾಗ ಉಪ್ಪುಪ್ಪಾಗಿರುತ್ತದೆ. ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ತೆಳು ರೊಟ್ಟಿಯಲ್ಲಿ ಸುತ್ತಿ, ಹಾಲಿಲ್ಲದ ಚಹಾದ ಜೊತೆ ತಿನ್ನಿ. ವಾನ್‌ನ ಬೆಳಗಿನ ತಿಂಡಿ ಟರ್ಕಿಯಲ್ಲೆಲ್ಲ ಹೆಸರುವಾಸಿ. ಆ ತಟ್ಟೆಯಲ್ಲಿ ಇದು ತಪ್ಪುವುದಿಲ್ಲ.