ಆಫರ್ ನೋಡುವ ಮೊದಲು ತೂಕ ನೋಡಿ

ಎಲ್ಲರಿಗೂ ನಮಸ್ಕಾರ. ಅಂಗಡಿಗೆ ಹೋದಾಗ ನಾನು ತಪ್ಪದೆ ಮಾಡುವ ಒಂದು ಕೆಲಸ ಹೇಳುತ್ತೇನೆ. ಬೆಲೆಯನ್ನು ತೂಕದಿಂದ ಭಾಗಿಸಿ, 100 ಗ್ರಾಂಗೆ ಎಷ್ಟು ಬಿತ್ತು ಅಂತ ನೋಡುತ್ತೇನೆ. ಫೋನಿನ ಕ್ಯಾಲ್ಕುಲೇಟರ್ ಸಾಕು, ಅರ್ಧ ನಿಮಿಷದ ಕೆಲಸ.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂದುಕೊಂಡಿರುತ್ತೇವೆ ಅಲ್ವಾ? ಹಾಗೇನಿಲ್ಲ. ಮೊನ್ನೆ ಬಟ್ಟೆ ಒಗೆಯುವ ಪುಡಿ ತರುವಾಗ ಲೆಕ್ಕ ಹಾಕಿದೆ. ಅರ್ಧ ಕೆಜಿಯ ಎರಡು ಪ್ಯಾಕೆಟ್ ಸೇರಿಸಿದರೂ ಒಂದು ಕೆಜಿಯ ಪ್ಯಾಕಿಗಿಂತ ಕಡಿಮೆಯೇ ಬಿತ್ತು! ಇನ್ನು ಕೆಲವು ಸಲ ಬೆಲೆ ಹಾಗೇ ಇರುತ್ತದೆ, ತೂಕ ಮಾತ್ರ 500 ಗ್ರಾಂನಿಂದ 450ಕ್ಕೆ ಇಳಿದಿರುತ್ತದೆ. ಅಂದರೆ ಸದ್ದಿಲ್ಲದೆ ಶೇ 11ರಷ್ಟು ಜಾಸ್ತಿ ಕೊಟ್ಟ ಹಾಗಾಯಿತು. ಹಳೆಯ ಖಾಲಿ ಪ್ಯಾಕೆಟ್ ಇದ್ದರೆ ಹೋಲಿಸಿ ನೋಡಿ.

‘ಶೇ 50 ರಿಯಾಯಿತಿ, ಅದರ ಮೇಲೆ ಇನ್ನೂ ಶೇ 20’ ಅಂತ ಬರೆದಿದ್ದರೆ ಅದು 70 ಅಲ್ಲ. ಎರಡನೆಯದನ್ನು ಉಳಿದ ಅರ್ಧ ಬೆಲೆಯ ಮೇಲೆ ಕಳೆಯುತ್ತಾರೆ. ಒಟ್ಟು ಸಿಗುವುದು ಶೇ 60. ‘ಎರಡು ಕೊಂಡರೆ ಒಂದು ಉಚಿತ’ ಅನ್ನುವುದೂ ಶೇ 33ರ ರಿಯಾಯಿತಿ ಅಷ್ಟೇ, ಅದೂ ಮೂರೂ ನಿಮಗೆ ಬೇಕಿದ್ದರೆ.

ಆನ್‌ಲೈನ್‌ನಲ್ಲಾದರೆ ಕಾರ್ಟ್‌ಗೆ ಹಾಕಿ ಎರಡು ದಿನ ಸುಮ್ನೆ ಬಿಟ್ಟುಬಿಡಿ. ನನಗಂತೂ ಅರ್ಧಕ್ಕರ್ಧ ವಸ್ತು ಬೇಡ ಅನ್ನಿಸಿಬಿಡುತ್ತದೆ. ಉಳಿದದ್ದಕ್ಕೆ ಡೆಲಿವರಿ ಶುಲ್ಕವನ್ನೂ ಸೇರಿಸಿ, ಇನ್ನೆರಡು ಕಡೆ ಬೆಲೆ ನೋಡಿ ಆರ್ಡರ್ ಮಾಡಿ.