ಫೆಂಡರ್ ಕಿಂಗ್‌ಮನ್‌ನ ಕೊಳವೆ ಕಿತ್ತು ಹಾಕಬೇಡಿ: ನನ್ನ ಅನುಭವ

ಫೆಂಡರ್ ಕಂಪನಿಯ ಹಳೆಯ ಅಕೌಸ್ಟಿಕ್ ಗಿಟಾರ್ ಅಂದರೆ ಸಾಕು, ರಿಪೇರಿಯವರು ಮುಖ ತಿರುಗಿಸುತ್ತಾರೆ. ಫೆಂಡರ್‌ನ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟೊಕಾಸ್ಟರ್‌ನ ತಲೆ, ನಾಲ್ಕು ಸ್ಕ್ರೂ ಹಾಕಿ ಬಿಗಿದ ನೆಕ್, ಬಾಡಿಯೊಳಗೆ ಈ ತುದಿಯಿಂದ ಆ ತುದಿಗೆ ಅಲ್ಯೂಮಿನಿಯಂ ಕೊಳವೆ. ಗೋಡೆಗೆ ನೇತುಹಾಕಲಿಕ್ಕೆ ಚೆಂದ, ನುಡಿಸಲಿಕ್ಕಲ್ಲ ಅಂತ ನನಗೆ ಕನಿಷ್ಠ ಮೂರು ಜನ ಹೇಳಿದ್ದರು. ಈಗ ನನ್ನ 1966ರ ಕಿಂಗ್‌ಮನ್ 12ನೇ ಫ್ರೆಟ್‌ನಲ್ಲಿ ದಪ್ಪ ತಂತಿಗೆ 2.3 ಮಿ.ಮೀ., ಸಣ್ಣ ತಂತಿಗೆ 1.7 ಮಿ.ಮೀ. ಆಕ್ಷನ್ (ಫ್ರೆಟ್‌ನಿಂದ ತಂತಿಗಿರುವ ಎತ್ತರ) ಇಟ್ಟುಕೊಂಡು, ಎಲ್ಲೂ ಬಜ್ (ತಂತಿ ಫ್ರೆಟ್‌ಗೆ ತಾಗುವ ಸದ್ದು) ಇಲ್ಲದೆ, ಒಂದೂವರೆ ವರ್ಷದಿಂದ ಅಲುಗಾಡದೆ ನಿಂತಿದೆ. ಅಂಟಿಸಿದ ನೆಕ್ಕಿನ, ನಾಲ್ಕು ಪಟ್ಟು ಬೆಲೆಯ ಗಿಟಾರ್‌ಗಳ ಪಕ್ಕದಲ್ಲಿ ಧೈರ್ಯವಾಗಿ ನುಡಿಸುತ್ತೇನೆ.

ಇದನ್ನು ವಿನ್ಯಾಸ ಮಾಡಿದವರು ರೋಜರ್ ರಾಸ್‌ಮೈಸಲ್. ರಿಕನ್‌ಬ್ಯಾಕರ್ ಗಿಟಾರ್ ಕಂಪನಿ ಬಿಟ್ಟು 1962ರಲ್ಲಿ ಫೆಂಡರ್ ಸೇರಿದವರು. 1963ರಲ್ಲಿ ಕಿಂಗ್ ಬಂತು, 1966ರಲ್ಲಿ ಅದರ ಹೆಸರು ಕಿಂಗ್‌ಮನ್ ಆಯಿತು. ಮಲಿಬು, ನ್ಯೂಪೋರ್ಟರ್, 12 ತಂತಿಯ ವಿಲೇಜರ್ ಎಲ್ಲ ಇದೇ ಕುಟುಂಬ. 1970ರ ದಶಕದ ಆರಂಭದಲ್ಲಿ ಈ ಸಾಲು ಮುಗಿಯಿತು. ಹಾಗಾಗಿ ಅಪರೂಪ. ಆದರೆ ಕೇಳುವವರು ಕಡಿಮೆ, ಬೆಲೆ ಇನ್ನೂ ಕೈಗೆಟುಕುತ್ತದೆ. ಕ್ಯಾಲಿಫೋರ್ನಿಯಾದಲ್ಲಿ, ಫೆಂಡರ್ ಕಾರ್ಖಾನೆ ಇದ್ದ ಫುಲರ್ಟನ್‌ನಿಂದ ಅರ್ಧ ಗಂಟೆ ದೂರದಲ್ಲಿ, ನಾನು ಸುಮಾರು 650 ಡಾಲರ್ ಕೊಟ್ಟೆ. ಆಗ ಆಕ್ಷನ್ 4 ಮಿ.ಮೀ. ದಾಟಿತ್ತು, ಬ್ರಿಡ್ಜ್ ಮೇಲೆ ತಂತಿ ಆನುವ ಪಟ್ಟಿ, ಅಂದರೆ ಸ್ಯಾಡಲ್‌ನಲ್ಲಿ ಇಳಿಸಲು ಜಾಗವೇ ಉಳಿದಿರಲಿಲ್ಲ.

ಕೊಳ್ಳುವಾಗ ನೆಕ್ ಬಿಚ್ಚಿಸಿ ನೋಡಿ. ನೆಕ್ಕಿನ ಹಿಮ್ಮಡಿಯಲ್ಲಿ (ಬಾಡಿಯೊಳಗೆ ಕೂರುವ ತುದಿಯಲ್ಲಿ) ಶಾಯಿ ಮುದ್ರೆ ಇರುತ್ತದೆ: ನೆಕ್ಕಿನ ಕೋಡ್ ಅಂಕಿ, ತಿಂಗಳು, ವರ್ಷ, ಕೊನೆಗೊಂದು ಅಕ್ಷರ. ಆ ಅಕ್ಷರ ನಟ್‌ನ (ತಲೆಯ ಬುಡದಲ್ಲಿ ತಂತಿ ಹಾಯುವ ಪಟ್ಟಿಯ) ಅಗಲ. ಬಿ ಅಂದರೆ ಒಂದೂ ಐದೆಂಟಾಂಶ ಇಂಚು, ಅಂದರೆ 41 ಮಿ.ಮೀ. ಚಿಲ್ಲರೆ. 44ಕ್ಕೆ ಒಗ್ಗಿದ ಬೆರಳಿಗೆ ಮೊದಲ ವಾರ ಇಕ್ಕಟ್ಟಾಗುತ್ತದೆ, ಆಮೇಲೆ ಮರೆತುಹೋಗುತ್ತದೆ. ಮುದ್ರೆ ಮಾಸಿದ್ದರೆ ಒರೆಸಲು ಹೋಗಬೇಡಿ, ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ.

ಒಂದು ಅಂಗಡಿಯಲ್ಲಿ ನೆಕ್ ರಿಸೆಟ್‌ಗೆ (ಅಂಟಿಸಿದ ನೆಕ್ ಬಿಡಿಸಿ, ಕೋನ ಸರಿಪಡಿಸಿ ಮತ್ತೆ ಅಂಟಿಸುವುದಕ್ಕೆ) 600 ಡಾಲರ್ ಆಗುತ್ತದೆ ಅಂದರು. ಬಿಚ್ಚುವ ನೆಕ್ಕಿಗೆ ರಿಸೆಟ್ ಎಂಥದ್ದು! ಸ್ಕ್ರೂಡ್ರೈವರ್ ಹಿಡಿಯಬಲ್ಲವರಿಗೆ ಒಂದು ಮಧ್ಯಾಹ್ನದ ಕೆಲಸ. ಲೆಕ್ಕ ಇಷ್ಟೇ: ನನ್ನ ಗಿಟಾರ್‌ನಲ್ಲಿ ನೆಕ್ ಪಾಕೆಟ್‌ನ (ಹಿಮ್ಮಡಿ ಕೂರುವ ಗುಳಿಯ) ಉದ್ದ ಸುಮಾರು 75 ಮಿ.ಮೀ. ಪಾಕೆಟ್‌ನ ಮುಂದಿನ ಅಂಚಿನಿಂದ, ಅಂದರೆ ನಟ್ ಕಡೆಯ ಅಂಚಿನಿಂದ, ಸ್ಯಾಡಲ್‌ಗೆ ಹತ್ತಿರ ಹತ್ತಿರ 29 ಸೆಂ.ಮೀ. ಸೌಂಡ್‌ಹೋಲ್ ಕಡೆಯ ತುದಿಯಲ್ಲಿ ಅರ್ಧ ಮಿ.ಮೀ. ದಪ್ಪ, ಮುಂದಿನ ಅಂಚಿನಲ್ಲಿ ಸೊನ್ನೆ ಇರುವ ಬೆಣೆಯನ್ನು ಹಿಮ್ಮಡಿಯಡಿ ಕೊಟ್ಟರೆ ನೆಕ್ ಹಿಂದಕ್ಕೆ ವಾಲಿ, ಅದರ ನೇರಕ್ಕೆ ಎಳೆದ ಗೆರೆ ಬ್ರಿಡ್ಜ್ ಹತ್ತಿರ ಸುಮಾರು 1.9 ಮಿ.ಮೀ. ಮೇಲೇರುತ್ತದೆ. 12ನೇ ಫ್ರೆಟ್‌ನಲ್ಲಿ ಅದರ ಅರ್ಧ, ಒಂದು ಮಿ.ಮೀ.ಗೆ ಸ್ವಲ್ಪ ಕಡಿಮೆ, ಆಕ್ಷನ್ ಇಳಿಯುತ್ತದೆ. ಒಂದು ಮಿ.ಮೀ. ಬೆಣೆ ಕೊಟ್ಟರೆ ಎರಡರ ಹತ್ತಿರ ಇಳಿದು, ಆಮೇಲೆ ಸ್ಯಾಡಲ್ ಎತ್ತರಿಸಬೇಕಾಗುತ್ತದೆ. ಅದು ಒಳ್ಳೆಯದೇ. ತಂತಿ ಸ್ಯಾಡಲ್ ಮೇಲೆ ಕಡಿದಾಗಿ ಬಾಗಿದಷ್ಟೂ ದನಿ ತೆರೆದುಕೊಳ್ಳುತ್ತದೆ. ನಾನು ಕೊನೆಗೆ ನಿಂತದ್ದು 0.9ರಲ್ಲಿ.

ಅಲ್ಲಿಗೆ ತಲುಪುವ ಮುನ್ನ ಎರಡು ಸಲ ಕೆಟ್ಟಿತು. ಮೊದಲು ವಿಸಿಟಿಂಗ್ ಕಾರ್ಡ್ ಮಡಿಸಿ ಪಾಕೆಟ್‌ನ ಹಿಂಬದಿಗೆ ಹಾಕಿದೆ. ಆಕ್ಷನ್ ತಕ್ಷಣ ಇಳಿಯಿತು, ಎರಡು ತಿಂಗಳಿಗೆ 15ನೇ ಫ್ರೆಟ್‌ನ ಮೇಲೆ ತಂತಿ ಸಾಯತೊಡಗಿತು. ಕಾರ್ಡ್‌ನ ಮುಂದೆ ಖಾಲಿ ಜಾಗ ಉಳಿಯುತ್ತದೆ. ಸ್ಕ್ರೂ ಎಳೆತಕ್ಕೆ ಹಿಮ್ಮಡಿ ಆ ಖಾಲಿಗೆ ಬಾಗಿ, ಫ್ರೆಟ್‌ಬೋರ್ಡ್‌ನ ಕೊನೆ ಮೇಲೆದ್ದು ನಿಲ್ಲುತ್ತದೆ. ಒಮ್ಮೆ ಎದ್ದರೆ ತಾನಾಗಿ ಕೂರುವುದಿಲ್ಲ. ಕೊನೆಯ ಆರು ಫ್ರೆಟ್ ಉಜ್ಜಬೇಕಾಯಿತು, ಅದಕ್ಕೆ ಬೇರೆಯವರಿಗೆ 120 ಡಾಲರ್. ಎರಡನೇ ಸಲ ಮೃದು ಮರದ ಬೆಣೆ ಹಾಕಿದೆ. ಸ್ಕ್ರೂ ಬಿಗಿದಂತೆ ಅದು ಹಿಸುಕಿಕೊಂಡು ಅರ್ಧಕ್ಕಿಳಿಯಿತು.

ನಿಂತದ್ದು ಮೇಪಲ್ ಮರದ, ಪಾಕೆಟ್ ತುಂಬಾ ಕೂರುವ ಬೆಣೆ. 1 ಮಿ.ಮೀ. ಮೇಪಲ್ ಹಾಳೆಯನ್ನು ಡಬಲ್ ಟೇಪ್‌ನಿಂದ ಗಾಜಿನ ಮೇಲೆ ಅಂಟಿಸಿ, 120, ಆಮೇಲೆ 220 ಗ್ರಿಟ್‌ನಲ್ಲಿ ಓರೆಯಾಗಿ ಉಜ್ಜಿದ್ದು. ಓರೆಯನ್ನು ಸಮನಾಗಿ ತರಲು ಮಾಡಿಕೊಂಡ ಜಿಗ್ (ಹಿಡಿದಿಡುವ ಚೌಕಟ್ಟು) ಏನೆಂಬುದು ಸದ್ಯ ನನ್ನಲ್ಲೇ ಇರಲಿ. ಕ್ಯಾಲಿಪರ್‌ನಲ್ಲಿ ನಾಲ್ಕೂ ಮೂಲೆ ಅಳೆಯಿರಿ, ಎಡ ಬಲದಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನೆಕ್ ತಿರುಚಿ ಕೂರುತ್ತದೆ. ಅಂಟು ಹಾಕಬೇಡಿ. ಸ್ಕ್ರೂಗಳಿಗೆ ಸ್ವಲ್ಪ ಮೇಣ ಸವರಿ, ಮೂಲೆಯಿಂದ ಮೂಲೆಗೆ ಬಿಗಿಯಿರಿ. ತಂತಿ ಏರಿಸಿ ಶ್ರುತಿ ಮಾಡಿದ ಮೇಲೆ ನಾಲ್ಕೂ ಸ್ಕ್ರೂ ಕಾಲು ಸುತ್ತು ಸಡಿಲಿಸಿದರೆ ಟಕ್ ಅಂತ ಸಣ್ಣ ಸದ್ದು ಬರುತ್ತದೆ. ತಂತಿಯ ಎಳೆತವೇ ನೆಕ್ಕನ್ನು ಪಾಕೆಟ್‌ನ ಗೋಡೆಗೆ ಒತ್ತಿ ಕೂರಿಸಿದ ಸದ್ದು ಅದು. ಕೂಡಲೇ ಮತ್ತೆ ಬಿಗಿಯಿರಿ.

ನನ್ನದರಲ್ಲಿ ಟ್ರಸ್ ರಾಡ್ (ನೆಕ್ಕಿನ ಬಾಗು ಹೊಂದಿಸುವ, ಅದರೊಳಗಿನ ಲೋಹದ ಕಡ್ಡಿ) ತಿರುಗಿಸುವುದೂ ಹಿಮ್ಮಡಿ ಕಡೆಯಿಂದಲೇ. ಆದ್ದರಿಂದ ನೆಕ್ ಬಿಚ್ಚುವ ಮೊದಲೇ ರಿಲೀಫ್ (ಆ ಬಾಗು) ಅಳೆದು ಬರೆದಿಟ್ಟುಕೊಳ್ಳಿ, ಬಿಚ್ಚಿದಾಗ ಎಷ್ಟು ಬೇಕೋ ಅಷ್ಟು ತಿರುಗಿಸಿ. ಮತ್ತೆ ಮತ್ತೆ ಬಿಚ್ಚಿದಷ್ಟೂ ಸ್ಕ್ರೂ ತೂತು ಸವೆಯುತ್ತದೆ.

ಇನ್ನು ಕೊಳವೆ. ಅದನ್ನು ಕಿತ್ತರೆ ದನಿ ದುಪ್ಪಟ್ಟು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಕಿತ್ತೆ. ದನಿ ಹೆಚ್ಚಾದದ್ದು ನಿಜ, ಮಂದ್ರ ತುಂಬಿ ಬಂತು. ಆದರೆ ಹದಿನೈದು ದಿನಕ್ಕೆ ಆಕ್ಷನ್ 2.3ರಿಂದ 3ಕ್ಕೆ ಏರಿತು. ಕನ್ನಡಿ, ಟಾರ್ಚ್ ಹಾಕಿ ನೋಡಿದರೆ ಎಕ್ಸ್ ಬ್ರೇಸ್‌ನ (ಮೇಲ್ಹಲಗೆಗೆ ಒಳಗಿನಿಂದ ಅಂಟಿಸಿದ ಎಕ್ಸ್ ಆಕಾರದ ಆಸರೆ ಪಟ್ಟಿಯ) ಒಂದು ಕಾಲು ಮೇಲ್ಹಲಗೆಯಿಂದ ಬಿಟ್ಟಿತ್ತು, ತೆಳು ಕಾಗದ ಒಂದು ಇಂಚು ಒಳಗೆ ಹೋಗುತ್ತಿತ್ತು. ಕೊಳವೆ ಇರುವಷ್ಟು ದಿನ ಆ ದೌರ್ಬಲ್ಯ ಮುಚ್ಚಿಹೋಗಿತ್ತು. ಬೆಚ್ಚಗೆ ಮಾಡಿದ ಹೈಡ್ ಗ್ಲೂ (ಚರ್ಮದಿಂದ ತೆಗೆದ ಅಂಟು) ಒಳಗೆ ತಳ್ಳಿ, ಒಳಗಿನಿಂದ ಪುಟ್ಟ ಜ್ಯಾಕ್ ಕೊಟ್ಟು ಒಂದು ರಾತ್ರಿ ಬಿಟ್ಟೆ. ಜ್ಯಾಕ್ ಹಿಂಬದಿಗೆ ಒತ್ತುತ್ತದೆ, ಅದರಡಿ ಮರದ ತುಂಡು ಇಡದಿದ್ದರೆ ಹಿಂಬದಿ ಸೀಳುತ್ತದೆ.

ಬ್ರೇಸ್ ಸರಿಯಾದ ಮೇಲೆ ಕೊಳವೆ ಇಲ್ಲದೆ ಒಂದು ತಿಂಗಳು ಇಟ್ಟು ನೋಡಿದೆ. ಇಲ್ಲಿನ ಒಣ ಸಾಂಟಾ ಆನಾ ಗಾಳಿ ಬೀಸಿ ಮನೆಯೊಳಗೂ ತೇವಾಂಶ ಶೇ. 20ಕ್ಕಿಂತ ಕೆಳಗಿಳಿದ ವಾರ ಆಕ್ಷನ್ ಅರ್ಧ ಮಿ.ಮೀ. ಅತ್ತಿತ್ತ ಆಯಿತು. ಕೊಳವೆ ಮತ್ತೆ ಹಾಕಿದ ಮೇಲಿನ ಅಂಥದೇ ವಾರದಲ್ಲಿ ಕೂದಲಷ್ಟೂ ಇಲ್ಲ. ನೆಕ್ ಬ್ಲಾಕ್ ಮುಂದಕ್ಕೆ ವಾಲದಂತೆ ಅದು ಬಾಲದ ಬ್ಲಾಕ್‌ಗೆ ಆನಿಸಿ ಹಿಡಿಯುತ್ತದೆ, ರಾಸ್‌ಮೈಸಲ್ ಅದನ್ನು ಸುಮ್ಮನೆ ಇಟ್ಟಿಲ್ಲ. ಕಳೆದುಹೋದ ದನಿಯನ್ನು ಮೂಳೆಯ ಸ್ಯಾಡಲ್ ಮತ್ತು ಬೆಣೆಯಿಂದ ಸಿಕ್ಕ ಬಾಗು ಬಹುಪಾಲು ವಾಪಸು ಕೊಟ್ಟವು. ಕೊಳವೆ ಕಿತ್ತವರು ದಯವಿಟ್ಟು ಎಸೆಯಬೇಡಿ, ಕೇಸ್‌ನಲ್ಲೇ ಇಡಿ.

ಕೊಳವೆಯ ತೊಂದರೆ ಬೇರೆ: ಒಂದು ನಿರ್ದಿಷ್ಟ ಸ್ವರಕ್ಕೆ ಅದು ಝೇಂಕರಿಸುತ್ತದೆ. ನನ್ನದರಲ್ಲಿ ಐದನೇ ತಂತಿಯ 4ನೇ ಫ್ರೆಟ್. ಫ್ರೆಟ್ ಬಜ್ ಅಂತ ತಿಳಿದು ಫ್ರೆಟ್ ಉಜ್ಜಿದರೆ ಕೆಟ್ಟಿರಿ. ಸೌಂಡ್‌ಹೋಲ್‌ನಲ್ಲಿ ಬೆರಳು ಹಾಕಿ ಕೊಳವೆ ಮುಟ್ಟಿ, ಸದ್ದು ನಿಂತರೆ ಕಳ್ಳ ಅಲ್ಲೇ. ತಂತಿ ಪೂರ್ತಿ ಸಡಿಲಿಸಿ, ಕೊಳವೆಯ ತುದಿ ಮರಕ್ಕೆ ತಾಗುವ ಕಡೆ ತೆಳು ಕಾರ್ಕ್ ಕೊಟ್ಟೆ. ಫೆಲ್ಟ್ ಮೊದಲು ಹಾಕಿದ್ದೆ, ಅದು ಕುಗ್ಗಿ ಮತ್ತೆ ಸದ್ದು ಶುರುವಾಯಿತು.

ತಂತಿ 11ರಿಂದ 52ರ ಸೆಟ್ (ದಪ್ಪ, ಇಂಚಿನ ಸಾವಿರದಂಶದಲ್ಲಿ). 12ರ ಸೆಟ್ ಹಾಕಿದರೆ ಎಳೆತ ಆರೇಳು ಕಿಲೋ ಹೆಚ್ಚುತ್ತದೆ, ದನಿಯಲ್ಲಿ ಅಷ್ಟು ಲಾಭ ಕಾಣಲಿಲ್ಲ.

ಇದೇ ಬೆಣೆ ವಿಲೇಜರ್‌ಗೂ ಮಾಡಿದೆ. 12 ತಂತಿಯ ಎಳೆತವನ್ನು ಮಾಮೂಲಿ ಶ್ರುತಿಯಲ್ಲಿ ಈ ವಯಸ್ಸಿನ ಮೇಲ್ಹಲಗೆಗೆ ಹೊರಿಸುವುದು ಅನ್ಯಾಯ. ಇಡೀ ಒಂದು ಸ್ವರ ಕೆಳಗೆ, ದಪ್ಪ ತಂತಿ ಡಿ ಆಗುವಂತೆ ಇಳಿಸಿದ್ದೇನೆ. ಕನ್ನಡ ಕೂಟದ ಸುಗಮ ಸಂಗೀತಕ್ಕೆ ಹಾಡುವವರು ಕರಿ ಎರಡು (ಡಿ ಶಾರ್ಪ್) ಬೇಕೆಂದರೆ ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಇ ಆಕಾರದಲ್ಲಿ ಹಿಡಿದರಾಯಿತು. ಹಾರ್ಮೋನಿಯಂ ಜೊತೆಗೆ ಆ ಜೋಡಿ ತಂತಿಗಳ ನಾದ ಎಷ್ಟು ಚೆನ್ನಾಗಿ ಬೆರೆಯುತ್ತದೆಂದರೆ, ಭಾವಗೀತೆಗೆ ಈಗ ಕಿಂಗ್‌ಮನ್ ಒಯ್ಯುವುದನ್ನೇ ಬಿಟ್ಟಿದ್ದೇನೆ.

ಖರ್ಚು ನೆನಪಿದ್ದಷ್ಟು: ಮೇಪಲ್ ಹಾಳೆ 15 ಡಾಲರ್, ಮೂಳೆ ಸ್ಯಾಡಲ್ 10, ಅಂಟು, ಕಾರ್ಕ್, ಸ್ಯಾಂಡ್‌ಪೇಪರ್ ಸೇರಿ 30, ಜ್ಯಾಕ್ 25. ಕಾರ್ಡ್ ಮಡಿಸಿ ಹಾಕಿದ ತಪ್ಪಿಗೆ ತೆತ್ತ 120 ಸೇರಿದರೂ ಒಟ್ಟು 200. ಮುಂದಿನ ಸರದಿ ಫೆಂಡರ್‌ನದೇ ವೈಲ್ಡ್‌ವುಡ್‌ನದು. ಬೆಳೆಯುತ್ತಿರುವ ಬೀಚ್ ಮರಕ್ಕೇ ಬಣ್ಣ ಚುಚ್ಚಿ, ಮರ ಹೀರಿಕೊಂಡ ಮೇಲೆ ಕಡಿದು ಮಾಡಿದ ಹಲಗೆ ಅದರದು. ಹಸಿರು ಗೆರೆಯ ಒಂದು ಕಣ್ಣಿಗೆ ಬಿದ್ದಿದೆ, ನೆಕ್ ಬಿಚ್ಚಿ ಮುದ್ರೆ ತೋರಿಸಲು ಮಾರುವವರು ಇನ್ನೂ ಒಪ್ಪಿಲ್ಲ.