ನೆಲನಕ್ಷೆ ಮೊದಲು, ಬಣ್ಣ ಆಮೇಲೆ: ಮುಳುಗಿದ ಮನೆಯನ್ನು ನಾನು ಬಿಡಿಸಿದ ಬಗೆ

ಈ ಸಲ ಬೆಂಗಳೂರಿನ ಚಿತ್ರಸಂತೆಗೆ ಒಯ್ದ ಚಿತ್ರಗಳಲ್ಲಿ ಎರಡು ಬಿಟ್ಟು ಎಲ್ಲವೂ ಮಾರಾಟವಾದವು. ‘ಈ ವಯಸ್ಸಿನಲ್ಲಿ ನಿಮಗ್ಯಾಕೆ ಸ್ವಾಮಿ’ ಎನ್ನುತ್ತಿದ್ದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬಣ್ಣ ಕಲಸುವುದು, ಬಟ್ಟೆ ಬಿಗಿಯುವುದು ನಿಮಗೆ ಗೊತ್ತೇ ಇದೆ, ಬಿಡಿ.

ನಾನು ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು. ಹುಟ್ಟಿದ್ದು ಸಾಗರ ತಾಲ್ಲೂಕಿನ ಶರಾವತಿ ಕಣಿವೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ಆ ಹೊತ್ತಿಗೆ ಊರು ಖಾಲಿ. ಜಲಾಶಯದ ಪೂರ್ತಿ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನಮ್ಮ ಅಂಗಳ ಅದಕ್ಕಿಂತ ಎಷ್ಟೋ ಕೆಳಗೆ. ಮನೆಯ ಒಂದು ಫೋಟೋ ಕೂಡ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನಮ್ಮದು ಮಣ್ಣಿನ ಗೋಡೆಯ, ಅಡಿಕೆ ಸೋಗೆ ಹೊದಿಸಿದ ಮನೆ. ಕರಗಿ ಯಾವ ಕಾಲವಾಯಿತೋ.

ಮೊದಲು ಕೈ ಹಾಕಿದ್ದು ಎಣ್ಣೆ ಬಣ್ಣಕ್ಕೆ. ಸಾಗರದ ಮಳೆಗಾಲದಲ್ಲಿ ಎಣ್ಣೆ ಬಣ್ಣ! ಜೂನ್‌ನಲ್ಲಿ ದಪ್ಪಗೆ ಹಚ್ಚಿದ್ದು ಗಣೇಶನ ಹಬ್ಬಕ್ಕೂ ಬೆರಳಿಗೆ ಅಂಟುತ್ತಿತ್ತು. ಕ್ಯಾನ್ವಾಸಿನ ಹಿಂದೆಲ್ಲ ಬೂಷ್ಟು. ಟ್ಯೂಬು, ಈಸಲ್ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ ಹೋಯಿತು. ಆಮೇಲೆ ಒಂದು ಚಿತ್ರಕಲೆ ತರಗತಿಗೆ ಸೇರಿದೆ, ಅದಕ್ಕೊಂದು ನಾಲ್ಕೂವರೆ ಸಾವಿರ. ಅಲ್ಲಿ ಕಲಿತ, ದೂರದ್ದನ್ನು ಚಿಕ್ಕದಾಗಿ ತೋರಿಸುವ ಪರ್ಸ್ಪೆಕ್ಟಿವ್ ಹಾಕಿ ಬರೆದರೆ ಕ್ಯಾಲೆಂಡರಿನ ಮನೆ ಬಂತು. ಯಾರ ಮನೆಯೂ ಆಗಬಹುದು. ಮಗ ಎಐನಲ್ಲಿ ಮಾಡಿಸಿ ಕಳಿಸಿದ. ಹೆಂಚಿನ ಮನೆ, ಎದುರಿಗೆ ತೆಂಗಿನ ಸಾಲು, ಹಿಂದೆ ದೊಡ್ಡ ಸೂರ್ಯ. ಸುತ್ತ ಗುಡ್ಡ ಇರುವ ಊರಲ್ಲಿ ಸೂರ್ಯ ಹಾಗೆ ಯಾರಿಗೆ ಕಂಡಿದ್ದ?

ಕೊನೆಗೆ ಕೈ ಹಿಡಿದದ್ದು ಹಳೇ ಕಸುಬು. ಖಾಕಿ ಪೇಪರ್ ಹಾಳೆಗಳನ್ನು ಅಂಟಿಸಿ ಜಗಲಿ ಮೇಲೆ ಹಾಸಿದೆ. ಮನೆಯ ಚಿತ್ರ ಬರೆಯಲಿಲ್ಲ, ನಕ್ಷೆ ಹಾಕಿದೆ. ದಣಪೆ, ಅಂದರೆ ಬೇಲಿಯ ಅಡ್ಡಗಳುವಿನ ಬಾಗಿಲು, ದಾಟಿದರೆ ಅಂಗಳ. ಅಲ್ಲಿಂದ ಎಷ್ಟು ಹೆಜ್ಜೆಗೆ ಕೊಟ್ಟಿಗೆ, ಎಡಕ್ಕೋ ಬಲಕ್ಕೋ? ಕೂತು ಯೋಚಿಸಿದರೆ ಏನೂ ಬರುವುದಿಲ್ಲ, ಎದ್ದು ನಡೆಯಬೇಕು. ಹಿತ್ತಲಲ್ಲಿ ಹಾಗೇ ನಡೆದು ಬಚ್ಚಲಿಗೆ ತಿರುಗುವಾಗ ಕಾಲು ತಾನಾಗಿ ಎತ್ತರಕ್ಕೆ ಎದ್ದಿತು. ಹೌದಲ್ಲ, ಅಲ್ಲಿ ಹೊಸ್ತಿಲಿತ್ತು! ಒಂದೊಂದು ಜಾಗದಲ್ಲೂ ಏನಿತ್ತು ಎಂದು ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋದೆ. ಮಳೆಗಾಲ ಪೂರ್ತಿ ಇದೇ ಕೆಲಸ, ಕುಂಚ ಮುಟ್ಟಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ‘ಬಚ್ಚಲೊಲೆ ಯಾವ ಮೂಲೆಗಿತ್ತು’ ಎಂದರೆ ನೆನಪಿಲ್ಲ ಎನ್ನುತ್ತಾಳೆ. ಬೇಕಂತಲೇ ತಪ್ಪು ಮೂಲೆ ಹೇಳಬೇಕು. ‘ಥೂ ಮಾರಾಯ, ಅಲ್ಲಿ ಸೌದೆ ಒಟ್ಟುತ್ತಿದ್ದದ್ದಲ್ವನೋ, ಹಂಡೆ ಈಚೆ ಇತ್ತು’ ಎಂದು ಶುರು ಮಾಡಿದರೆ ಒಂದು ತಾಸು ಬಿಡುವುದಿಲ್ಲ.

ಇನ್ನೊಂದು, ಕಣ್ಣಿನ ಎತ್ತರ. ನೆಲದಿಂದ ಮೂರೂಮುಕ್ಕಾಲು ಅಡಿಗೆ ಗೋಡೆ ಮೇಲೆ ಗೆರೆ ಎಳೆದು, ಗಿಡ್ಡ ಸ್ಟೂಲಿನ ಮೇಲೆ ಕೂತು ಕಣ್ಣನ್ನು ಅಲ್ಲಿಗೆ ತಂದೆ. ಎಂಟು ವರ್ಷದ ಹುಡುಗನಿಗೆ ಹತ್ತಿರ ನಿಂತ ದೊಡ್ಡವರ ಮುಖ ಕಾಣುವುದಿಲ್ಲ. ಪಂಚೆ, ಸೊಂಟದ ಕತ್ತಿ, ಸೆರಗು, ಅಷ್ಟೇ. ಎಮ್ಮೆಯ ಮೂಗು ಮಾತ್ರ ನೇರ ಎದುರಿಗೆ. ಹಾಗೇ ಬರೆದೆ. ಹಂಡೆಯನ್ನು ಆಳೆತ್ತರ ಬರೆದೆ. ನೋಡಿದವರು ಅಳತೆ ತಪ್ಪು ಎಂದರು. ಮೂವತ್ತು ವರ್ಷ ಜಮೀನು ಅಳೆದವನಿಗೆ ಅಳತೆ ಹೇಳಿಕೊಡುತ್ತಾರೆ! ನಕ್ಷೆ ಸರಿ ಇದ್ದರೆ ಒಳಗಿನ ಸಾಮಾನು ಎಷ್ಟು ದೊಡ್ಡದಾದರೂ ನಡೆಯುತ್ತದೆ.

ಈಗ ಖಾದಿ ಬಟ್ಟೆಗೆ ಕೆಮ್ಮಣ್ಣಿನ ತಳ, ಮೇಲೆ ಅಕ್ರಿಲಿಕ್. ಮಣ್ಣು ಸೋಸಿ, ತೆಳು ಫೆವಿಕಾಲ್ ಬೆರೆಸಿ ಬಳಿಯುತ್ತೇನೆ. ಮೊದಮೊದಲು ಸುತ್ತಿದರೆ ಉದುರುತ್ತಿತ್ತು. ಈಗ ಉದುರುವುದಿಲ್ಲ. ಏನು ಸೇರಿಸುತ್ತೇನೆ ಅಂತ ಮಾತ್ರ ಕೇಳಬೇಡಿ.

ನಡುವೆ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಒಗರು ನೀರಿನ, ಹುಚ್ಚು ಹಿಡಿಯಿತು. ನೆಂಟರ ಮನೆಯಿಂದ ಬಾಟಲಿಯಲ್ಲಿ ತಂದು ಶಾಯಿ ಮಾಡಿದೆ. ಒಳ್ಳೇ ಕೆಂಗಂದು. ಅದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಒಗರಿಗೆ ಕಬ್ಬಿಣ ಕೂಡಿ ಕಪ್ಪಿಗೆ ತಿರುಗುತ್ತದೆ. ಕೊಟ್ಟಿಗೆಯ ಕತ್ತಲೆಗೆ ಅಂಗಡಿಯ ಯಾವ ಕಪ್ಪೂ ಇದರ ಸಮ ಬರಲಿಲ್ಲ. ಗೋಡೆ ಮೇಲೆ ಚಿತ್ತಾರ ಬರೆಯುವ ನಮ್ಮ ಕಡೆಯ ದೀವರ ಸಮುದಾಯದ ಹೆಂಗಸರ ಹಾಗೆ ಪುಂಡಿ ನಾರಿನ ಕುಂಚವನ್ನೂ ಕಟ್ಟಿ ನೋಡಿದೆ. ನೇರ ಗೆರೆಗೆ ಅದೇ ಸರಿ, ಆದರೆ ಅವರ ಕೈ ನನಗೆಲ್ಲಿ ಬರಬೇಕು? ಸೋಗೆಯ ಎಳೆಗೆ ಮಾತ್ರ ಉಳಿಸಿಕೊಂಡೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಮೂರಡಿ ಚಿತ್ರಕ್ಕೆ ಸಾಮಾನಿನ ಖರ್ಚು ಆರುನೂರೋ ಏಳುನೂರೋ. ಗಾಜಿನ ಫ್ರೇಮೇ ಸಾವಿರದ ಎಂಟುನೂರು ಕೇಳುತ್ತಾರೆ. ಮೊದಲ ಸಲ ಫ್ರೇಮ್ ಹಾಕಿಸಿ ಬಸ್ಸಿನಲ್ಲಿ ಒಯ್ದೆ, ಎರಡು ಒಡೆದವು, ಮಾರಿದ್ದು ಸೊನ್ನೆ. ಈಗ ಸುತ್ತಿ ಪಿವಿಸಿ ಪೈಪಿಗೆ ತುಂಬಿ ರಾತ್ರಿ ರೈಲು ಹತ್ತುತ್ತೇನೆ. ಮೇಲೆ ಕೆಳಗೆ ಬಿದಿರಿನ ಕಡ್ಡಿ ಹೊಲಿದು ನೇತುಹಾಕಿದರೆ ಆಯಿತು. ಎಂಟರಿಂದ ಹತ್ತು ಸಾವಿರಕ್ಕೆ ಕೊಡುತ್ತೇನೆ. ಚೌಕಾಸಿಗೆ ಒಂದು ಸಾವಿರ ಜಾಸ್ತಿ ಹೇಳಿರುತ್ತೇನೆ.

ಕುಮಾರಕೃಪಾ ರಸ್ತೆಯಲ್ಲಿ ಈ ಸಲ ಒಬ್ಬರು ಚಿತ್ರ ಬೇಡ, ಪಕ್ಕದಲ್ಲಿ ಸುಮ್ನೆ ಹಾಸಿದ್ದ ನಕ್ಷೆ ಕೊಡಿ ಎಂದರು. ಅವರದ್ದೂ ಮುಳುಗಡೆಯ ಮನೆತನ. ಖಾಕಿ ಪೇಪರಿಗೆ ಹದಿನೈದು ಸಾವಿರ! ಕೊಡಲಿಲ್ಲ. ನಿಮ್ಮ ಮನೆಯದ್ದನ್ನೇ ಹಾಕಿಕೊಡುತ್ತೇನೆ ಎಂದು ಐದು ಸಾವಿರ ಮುಂಗಡ ತೆಗೆದುಕೊಂಡೆ. ಅವರ ತಾಯಿಗೆ ತೊಂಬತ್ತರ ಹತ್ತಿರ, ಏನು ಕೇಳಿದರೂ ನೆನಪಿಲ್ಲ ಎನ್ನುತ್ತಾರಂತೆ. ಮುಂದಿನ ವಾರ ಹೋಗಿ ತಪ್ಪು ಮೂಲೆ ಹೇಳಿ ನೋಡಬೇಕು.